ಸುಟ್ಟ ಮೇಲೂ ಉಳಿಯುವ ಪಾಲಿಮರ್: ಶಾಖ ಕಳೆಯುವುದೇನು, ಲೋಹ ಕೂಡುವುದೇನು

ಎಣ್ಣೆಯಂಥ ಒಂದು ತಿಳಿ ದ್ರವ ಇದೆ ಅಂದುಕೊಳ್ಳಿ. ಅಚ್ಚಿಗೆ ಸುರಿದು ಸ್ವಲ್ಪ ಬಿಸಿ ಮಾಡಿದರೆ ಅದು ರಬ್ಬರಿನಂತೆ ಗಟ್ಟಿಯಾಗುತ್ತದೆ. ಅಚ್ಚಿನಿಂದ ಬಿಡಿಸಿ, ಗಾಳಿ ಇಲ್ಲದ ಕುಲುಮೆಯಲ್ಲಿಟ್ಟು ನಿಧಾನವಾಗಿ 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತೀರಿ. ಮಾಮೂಲಿ ಪ್ಲಾಸ್ಟಿಕ್ ಆಗಿದ್ದರೆ ಅಷ್ಟರಲ್ಲಿ ಹೊಗೆಯಾಗಿ ಹೋಗಿ, ತಳದಲ್ಲಿ ಚೂರು ಮಸಿ ಉಳಿದಿರುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ. ಕುಲುಮೆ ತಣ್ಣಗಾದ ಮೇಲೆ ತೆರೆದು ನೋಡಿದರೆ ನೀವು ಇಟ್ಟ ಆಕಾರ ಹಾಗೇ ಇದೆ. ಆದರೆ ಅಳತೆ ಚಿಕ್ಕದಾಗಿದೆ, ಬಣ್ಣ ಕಪ್ಪಾಗಿದೆ. ಅದರ ಚೂಪು ಅಂಚನ್ನು ಗಾಜಿನ ಮೇಲೆ ಎಳೆದರೆ ಗೀರು ಬೀಳುವುದು ಗಾಜಿಗೆ.

ಹೀಗೆ ಪಾಲಿಮರನ್ನು ಸುಟ್ಟು ಪಡೆಯುವ ಸೆರಾಮಿಕ್‌ನ, ಅಂದರೆ ಶಾಖ ತಾಳುವ ಕಲ್ಲಿನಂಥ ವಸ್ತುವಿನ ಗುಟ್ಟು ಇರುವುದು ಸರಪಳಿಯಲ್ಲಿ. ಪಾಲಿಮರ್ ಅಂದರೆ ಪರಮಾಣುಗಳ ಉದ್ದನೆಯ ಸರಪಳಿ. ದಿನಬಳಕೆಯ ಪ್ಲಾಸ್ಟಿಕ್‌ನಲ್ಲಿ ಈ ಸರಪಳಿಯ ಕೊಂಡಿಗಳು ಹೆಚ್ಚಾಗಿ ಇಂಗಾಲದವು. ಕಾಯಿಸಿದರೆ ತುಂಡಾಗಿ ಅನಿಲವಾಗುತ್ತವೆ. ಇಲ್ಲಿ ಬಳಸುವ ಪಾಲಿಮರ್‌ಗಳಲ್ಲಿ ಬೆನ್ನೆಲುಬು ಸಿಲಿಕಾನ್‌ನದು. ಸಿಲಿಕಾನ್ ಜೊತೆ ಇಂಗಾಲ ಇದ್ದರೆ ಪಾಲಿಕಾರ್ಬೋಸಿಲೇನ್, ಆಮ್ಲಜನಕ ಇದ್ದರೆ ಪಾಲಿಸಿಲಾಕ್ಸೇನ್, ಸಾರಜನಕ ಇದ್ದರೆ ಪಾಲಿಸಿಲಾಜೇನ್. ಬೆನ್ನೆಲುಬಿಗೆ ಅಂಟಿಕೊಂಡ ಸಣ್ಣಪುಟ್ಟ ಗುಂಪುಗಳು ಶಾಖಕ್ಕೆ ಉದುರಿಹೋಗುತ್ತವೆ. ಬೆನ್ನೆಲುಬು ಮಾತ್ರ ಹೋಗುವುದಿಲ್ಲ. ಅಕ್ಕಪಕ್ಕದ ಸರಪಳಿಗಳನ್ನು ಹಿಡಿದುಕೊಂಡು ಗಟ್ಟಿ ಜಾಲವಾಗುತ್ತದೆ. ಗಾಳಿ ತಾಗದಂತೆ ಸುಟ್ಟ ಕಟ್ಟಿಗೆ ಬೂದಿಯಾಗದೆ ಇದ್ದಿಲಾಗುತ್ತದಲ್ಲ, ಇದು ಅದರ ಸೋದರಸಂಬಂಧಿ.

ಇಷ್ಟೆಲ್ಲ ತಾಪತ್ರಯ ಯಾಕೆ ಅಂತ ಕೇಳಬಹುದು. ಹೀಗೆ ಸಿಗುವ ಸೆರಾಮಿಕ್‌ಗಳಲ್ಲಿ ಒಂದು ಸಿಲಿಕಾನ್ ಕಾರ್ಬೈಡ್, ಅಂದರೆ ಸಿಲಿಕಾನ್ ಮತ್ತು ಇಂಗಾಲ ಸೇರಿದ್ದು. ಅದನ್ನು ಮಾಡಲು ಹಳೆಯ ದಾರಿ ಇದ್ದೇ ಇದೆ. 1890ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕಂಡುಕೊಂಡ ವಿಧಾನ ಅದು. ಮರಳನ್ನೂ ಕಲ್ಲಿದ್ದಲಿನಿಂದ ಬರುವ ಕೋಕ್‌ಅನ್ನೂ ಬೆರೆಸಿ, ವಿದ್ಯುತ್ ಹರಿಸಿ, 2000 ಡಿಗ್ರಿಗೂ ಮೀರಿ ಕಾಯಿಸುವುದು. ಉಜ್ಜುವ ಪುಡಿಗೆ ಇದು ಸಾಕು. ಆದರೆ ಆ ವಸ್ತುವಿನಿಂದ ಕೂದಲಿಗಿಂತ ಸಣ್ಣ ಎಳೆ ತೆಗೆಯಬೇಕು ಅಂದರೆ? ಸಿಲಿಕಾನ್ ಕಾರ್ಬೈಡ್ ಸಾಮಾನ್ಯ ಒತ್ತಡದಲ್ಲಿ ಕರಗುವುದೇ ಇಲ್ಲ. ಕಾಯಿಸುತ್ತಾ ಹೋದರೆ ನೇರ ಆವಿಯಾಗಿ ಒಡೆಯುತ್ತದೆ. ಕರಗದ್ದನ್ನು ಎಳೆಯಾಗಿ ಎಳೆಯುವುದು ಹೇಗೆ? ಮೃದುವಾಗಿರುವಾಗಲೇ ಎಳೆದು, ಆಮೇಲೆ ಕಲ್ಲಾಗಿಸಬೇಕು. ಪಾಲಿಮರ್ ದಾರಿ ಕೊಡುವ ದೊಡ್ಡ ಅನುಕೂಲ ಇದೇ: ಆಕಾರಕ್ಕೆ ಒಂದು ಹೊತ್ತು, ಗಟ್ಟಿತನಕ್ಕೆ ಇನ್ನೊಂದು ಹೊತ್ತು.

1975ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸೇಶಿ ಯಾಜಿಮಾ ಮತ್ತು ಸಂಗಡಿಗರು ಮಾಡಿ ತೋರಿಸಿದ್ದು ಇದನ್ನೇ. ಪಾಲಿಡೈಮೀಥೈಲ್‌ಸಿಲೇನ್ ಅನ್ನುವ, ಯಾವ ದ್ರಾವಕದಲ್ಲೂ ಸರಿಯಾಗಿ ಕರಗದ ಬಿಳಿ ಪುಡಿಯನ್ನು 400 ಡಿಗ್ರಿಗೂ ಮೇಲೆ ಕಾಯಿಸಿ ಪಾಲಿಕಾರ್ಬೋಸಿಲೇನ್ ಮಾಡಿದರು. ಅದನ್ನು ಕರಗಿಸಿ ಎಳೆ ತೆಗೆದರು. ಆ ಎಳೆಯನ್ನು ಹಾಗೇ ಕುಲುಮೆಗೆ ಹಾಕಿದರೆ ಕರಗಿ ಮುದ್ದೆಯಾಗುತ್ತದೆ. ಅದಕ್ಕೆ ಮೊದಲು ಗಾಳಿಯಲ್ಲಿ ಹದವಾಗಿ ಬಿಸಿ ಮಾಡಿದರು. ಗಾಳಿಯ ಆಮ್ಲಜನಕ ಸರಪಳಿಗಳ ನಡುವೆ ಸೇತುವೆ ಕಟ್ಟಿತು, ಎಳೆ ಕರಗದಂತಾಯಿತು. ಆಮೇಲೆ ಗಾಳಿ ಇಲ್ಲದ ಕಡೆ 1200–1300 ಡಿಗ್ರಿಯಲ್ಲಿ ಸುಟ್ಟರು. ನಿಪ್ಪಾನ್ ಕಾರ್ಬನ್ ಕಂಪನಿ ಇದನ್ನೇ ನಿಕಲಾನ್ ಅನ್ನುವ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಈ ಎಳೆಯ ಮುಂದಿನ ತಲೆಮಾರುಗಳು ಈಗ ವಿಮಾನದ ಎಂಜಿನ್‌ನೊಳಗೆ ಕೂತಿವೆ. 2016ರಲ್ಲಿ ಸೇವೆಗೆ ಬಂದ ಲೀಪ್ ಎಂಜಿನ್‌ನಲ್ಲಿ ಟರ್ಬೈನ್ ಅಲಗುಗಳ ಸುತ್ತ ಇರುವ ಕವಚ ಸಿಲಿಕಾನ್ ಕಾರ್ಬೈಡ್ ಎಳೆಗಳಿಂದ ಮಾಡಿದ್ದು.

ನಿಕಲಾನ್‌ನ ಗಟ್ಟಿತನಕ್ಕೆ ಒಂದು ಮಿತಿ ಇತ್ತು. ಆ ಮಿತಿ ಯಾಕೆ ಬಂತು ಅನ್ನುವುದರಲ್ಲೇ ಈ ವಿಷಯದ ತಿರುಳಿದೆ. ಅದಕ್ಕೆ ಮತ್ತೆ ಬರುತ್ತೇನೆ. ಮೊದಲು ಕುಲುಮೆಯೊಳಗೆ ನಡೆಯುವುದನ್ನು ನೋಡೋಣ.

ಕಳೆಯುವ ಕೆಲಸ

ಶಾಖ ಇಲ್ಲಿ ಮುಖ್ಯವಾಗಿ ಮಾಡುವುದು ಕಳೆಯುವ ಕೆಲಸ. ಏನು ಹೊರಡಬೇಕು, ಯಾವಾಗ ಹೊರಡಬೇಕು, ಎಷ್ಟು ಬೇಗ ಹೊರಡಬೇಕು ಅನ್ನುವುದನ್ನೆಲ್ಲ ಅದೇ ತೀರ್ಮಾನಿಸುತ್ತದೆ.

ಸುಮಾರು 100ರಿಂದ 400 ಡಿಗ್ರಿ ನಡುವೆ ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ನೋಡಲು ಏನೂ ಆಗುತ್ತಿಲ್ಲ ಅನ್ನಿಸುವ ಹಂತ ಇದು. ಆದರೆ ಕೊನೆಗೆ ಎಷ್ಟು ಸೆರಾಮಿಕ್ ಕೈಗೆ ಸಿಗುತ್ತದೆ ಅನ್ನುವುದು ಮುಕ್ಕಾಲುಪಾಲು ಇಲ್ಲೇ ನಿರ್ಧಾರವಾಗುತ್ತದೆ. ಹೆಣೆದುಕೊಳ್ಳದೆ ಬಿಡಿಯಾಗಿ ಉಳಿದ ಚಿಕ್ಕ ಸರಪಳಿಗಳು ಮುಂದಿನ ಬಿಸಿಗೆ ಹಾಗೇ ಆವಿಯಾಗಿ ಹೋಗುತ್ತವೆ. ಅವುಗಳಲ್ಲಿದ್ದ ಬೆಲೆಬಾಳುವ ಸಿಲಿಕಾನ್ ಕೂಡ ಜೊತೆಗೇ ಹೋಗುತ್ತದೆ.

400ರಿಂದ 800 ಡಿಗ್ರಿ ನಡುವೆ ನಿಜವಾದ ಗಲಾಟೆ. ಸಿಲಿಕಾನ್‌ಗೆ ಅಂಟಿಕೊಂಡಿದ್ದ ಮೀಥೈಲ್, ಫೀನೈಲ್‌ನಂಥ ಗುಂಪುಗಳು ಕಿತ್ತುಕೊಂಡು ಮೀಥೇನ್, ಬೆಂಜೀನ್, ಜಲಜನಕವಾಗಿ ಹೊರಡುತ್ತವೆ. ವಸ್ತು ಸಾವಯವದಿಂದ ನಿರವಯವಕ್ಕೆ ದಾಟುವುದು ಈ ಸೇತುವೆಯ ಮೇಲೆ. ಈ ನಡುವೆ ಒಳಗೆಲ್ಲ ಸಣ್ಣ ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ, ಅನಿಲ ಹೊರಗೆ ಹೋಗುವುದೇ ಅವುಗಳ ಮೂಲಕ. ಶಾಖ ಇನ್ನೂ ಏರಿದರೆ ಬಹುಪಾಲು ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬಾಗಿಲು ತೆರೆದಿರುವುದು ಸ್ವಲ್ಪ ಹೊತ್ತು ಮಾತ್ರ. ಅಷ್ಟರೊಳಗೆ ಒಳಗಿನವರೆಲ್ಲ ಹೊರಗೆ ಬರಬೇಕು. ಅವಸರ ಮಾಡಿ ಕಾಯಿಸಿದರೆ ಒಳಗೆ ಸಿಕ್ಕಿಕೊಂಡ ಅನಿಲ ವಸ್ತುವನ್ನೇ ಸೀಳುತ್ತದೆ. ಹಾಗಾಗಿ ನಿಮಿಷಕ್ಕೆ ಒಂದೆರಡು ಡಿಗ್ರಿಯಷ್ಟೇ ಏರಿಸುತ್ತಾ, ನಡುನಡುವೆ ಗಂಟೆಗಟ್ಟಲೆ ನಿಲ್ಲಿಸಿ ಕಾಯುವುದು ಇಲ್ಲಿ ಮಾಮೂಲು.

ಕುಗ್ಗುವುದು ಎಷ್ಟು ಅನ್ನುವುದನ್ನು ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. 100 ಗ್ರಾಂ ಪಾಲಿಮರ್ ತೆಗೆದುಕೊಳ್ಳಿ. ಅದರ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 1.1 ಗ್ರಾಂ ಇದ್ದರೆ ಗಾತ್ರ ಸುಮಾರು 91 ಘನ ಸೆಂಟಿಮೀಟರ್. ಸುಟ್ಟ ಮೇಲೆ 80 ಗ್ರಾಂ ಉಳಿಯಿತು, ಸಾಂದ್ರತೆ 2.2 ಆಯಿತು ಅಂದುಕೊಳ್ಳೋಣ. ಈಗ ಗಾತ್ರ 36 ಘನ ಸೆಂಟಿಮೀಟರ್. ತೂಕದಲ್ಲಿ ಹೋಗಿದ್ದು ಐದರಲ್ಲಿ ಒಂದು ಪಾಲು. ಗಾತ್ರದಲ್ಲಿ ಹೋಗಿದ್ದು ಐದರಲ್ಲಿ ಮೂರು ಪಾಲು! 10 ಸೆಂಟಿಮೀಟರ್ ಉದ್ದದ ಕಡ್ಡಿ 7.4 ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ. ಕೆರೆ ಬತ್ತಿದಾಗ ತಳದ ಕೆಸರು ಯಾಕೆ ಬಿರಿಯುತ್ತದೆ ಅಂತ ಗೊತ್ತಿರುವವರಿಗೆ ಮುಂದಿನದು ಹೇಳಬೇಕಾಗಿಲ್ಲ.

ಇದೇ ಕಾರಣಕ್ಕೆ ಈ ವಿಧಾನ ಗೆದ್ದಿದ್ದು ತೆಳ್ಳಗಿನ ವಸ್ತುಗಳಲ್ಲಿ. ಎಳೆ, ಲೇಪನ, ಜಾಲರಿ. ಅನಿಲ ಹೊರಗೆ ಬರಲು ನಡೆಯಬೇಕಾದ ದಾರಿ ಅಲ್ಲಿ ತೀರಾ ಕಡಿಮೆ. 2016ರಲ್ಲಿ ಅಮೆರಿಕದ ಎಚ್‌ಆರ್‌ಎಲ್ ಪ್ರಯೋಗಾಲಯದವರು ಬೆಳಕಿಗೆ ಗಟ್ಟಿಯಾಗುವ ಇಂಥ ಪಾಲಿಮರ್‌ನಿಂದ ತ್ರೀಡಿ ಪ್ರಿಂಟ್ ಮಾಡಿದ ಸೂಕ್ಷ್ಮ ಜಾಲರಿಗಳನ್ನು, ಯಾವುದರೊಂದಿಗೂ ಪ್ರತಿಕ್ರಿಯಿಸದ ಆರ್ಗಾನ್ ಅನಿಲದಲ್ಲಿ 1000 ಡಿಗ್ರಿಗೆ ಸುಟ್ಟರು. ತೂಕ ನೂರಕ್ಕೆ 42ರಷ್ಟು ಹೋಯಿತು, ಉದ್ದ ನೂರಕ್ಕೆ 30ರಷ್ಟು ಕುಗ್ಗಿತು. ಆದರೂ ಒಂದು ಬಿರುಕೂ ಇಲ್ಲದೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಕುಗ್ಗಿತ್ತು. ಕುಗ್ಗುವುದು ತಪ್ಪಲ್ಲ, ಎಲ್ಲ ಕಡೆ ಸಮವಾಗಿ ಕುಗ್ಗದೇ ಇರುವುದು ತಪ್ಪು. ಅದೇ ವಸ್ತುವನ್ನು ಇಟ್ಟಿಗೆಯಷ್ಟು ದಪ್ಪ ಮಾಡಿ ಸುಟ್ಟರೆ ಕುಲುಮೆಯಲ್ಲಿ ಸಿಗುವುದು ಚೂರುಗಳು.

1000 ಡಿಗ್ರಿಯ ಹೊತ್ತಿಗೆ ಗಲಾಟೆ ನಿಂತಿರುತ್ತದೆ. ಈಗ ಇರುವುದು ಹರಳಲ್ಲ, ಒಂದು ಬಗೆಯ ಗಾಜು. ಪಾಲಿಸಿಲಾಕ್ಸೇನ್‌ನಿಂದ ಬಂದಿದ್ದಾದರೆ ಅದಕ್ಕೆ ಸಿಲಿಕಾನ್ ಆಕ್ಸಿಕಾರ್ಬೈಡ್ ಅನ್ನುತ್ತಾರೆ. ಕಿಟಕಿ ಗಾಜಿನಲ್ಲಿ ಸಿಲಿಕಾನ್ ಸುತ್ತ ಆಮ್ಲಜನಕ ಮಾತ್ರ. ಇಲ್ಲಿ ಕೆಲವು ಕಡೆ ಆಮ್ಲಜನಕದ ಜಾಗದಲ್ಲಿ ಇಂಗಾಲ ಕೂತಿದೆ. ಆಮ್ಲಜನಕಕ್ಕೆ ಎರಡೇ ಕೈ, ಇಂಗಾಲಕ್ಕೆ ನಾಲ್ಕು. ಹೆಚ್ಚು ಕೈಗಳು ಹಿಡಿದುಕೊಂಡ ಜಾಲ ಬಿಸಿಯಲ್ಲಿ ಸುಲಭಕ್ಕೆ ಜಾರುವುದಿಲ್ಲ, ಹಾಗಾಗಿ ಇದು ಸಿಲಿಕಾನ್ ಮತ್ತು ಆಮ್ಲಜನಕ ಮಾತ್ರ ಇರುವ ಮಾಮೂಲಿ ಸಿಲಿಕಾ ಗಾಜಿಗಿಂತ ಜಾಸ್ತಿ ಶಾಖದವರೆಗೆ ಬಗ್ಗದೆ ನಿಲ್ಲುತ್ತದೆ. ಯಾರ ಕೈಯನ್ನೂ ಹಿಡಿಯದೆ ಮಿಕ್ಕ ಇಂಗಾಲ ತನ್ನ ಪಾಡಿಗೆ ಸಣ್ಣ ಹಾಳೆಗಳಾಗಿ ಗುಂಪುಗೂಡುತ್ತದೆ. ಕಪ್ಪು ಬಣ್ಣ ಬರುವುದು ಇದರಿಂದಲೇ. ಶಾಖ ಏರಿದಂತೆ ಈ ಹಾಳೆಗಳು ಒಂದನ್ನೊಂದು ಮುಟ್ಟತೊಡಗುತ್ತವೆ. ವಿದ್ಯುತ್ ಹರಿಯದಿದ್ದ ವಸ್ತುವಿನಲ್ಲಿ ವಿದ್ಯುತ್ ಹರಿಯಲು ಶುರುವಾಗುತ್ತದೆ.

ಸುತ್ತಲಿನ ಅನಿಲದ ಬಗ್ಗೆಯೂ ಒಂದು ಮಾತು. ಅದೇ ಪಾಲಿಕಾರ್ಬೋಸಿಲೇನ್ ಅನ್ನು ಆರ್ಗಾನ್‌ನಲ್ಲಿ ಸುಟ್ಟರೆ ಕಪ್ಪು ಸಿಲಿಕಾನ್ ಕಾರ್ಬೈಡ್. ಅಮೋನಿಯಾದಲ್ಲಿ ಸುಟ್ಟರೆ ಇಂಗಾಲವೆಲ್ಲ ತೊಳೆದುಹೋಗಿ, ಸಿಲಿಕಾನ್ ಮತ್ತು ಸಾರಜನಕ ಸೇರಿದ ಬೆಳ್ಳಗಿನ ಸಿಲಿಕಾನ್ ನೈಟ್ರೈಡ್. ಕುಲುಮೆಯೊಳಗಿನ ಅನಿಲ ಅಲ್ಲಿ ಸುಮ್ಮನೆ ಕೂತು ನೋಡುವ ಸಾಕ್ಷಿಯಲ್ಲ.

1200–1300 ಡಿಗ್ರಿ ದಾಟಿದ ಮೇಲೆ ಎರಡನೇ ಅಂಕ. ಬೆರೆತು ಕೂತಿದ್ದ ಗಾಜು ಈಗ ಬೇರೆಬೇರೆಯಾಗತೊಡಗುತ್ತದೆ. ಸಿಲಿಕಾ ಒಂದು ಕಡೆ, ಸಿಲಿಕಾನ್ ಕಾರ್ಬೈಡ್‌ನ ಪುಟ್ಟ ಹರಳುಗಳು ಒಂದು ಕಡೆ, ಇಂಗಾಲ ಒಂದು ಕಡೆ. ಇನ್ನೂ ಮೇಲೆ ಹೋದರೆ ಸಿಲಿಕಾಕ್ಕೂ ಇಂಗಾಲಕ್ಕೂ ಜಟಾಪಟಿ. ಇಂಗಾಲವು ಸಿಲಿಕಾದ ಆಮ್ಲಜನಕವನ್ನು ಕಿತ್ತುಕೊಂಡು ಕಾರ್ಬನ್ ಮಾನಾಕ್ಸೈಡ್ ಆಗಿ ಹಾರಿಹೋಗುತ್ತದೆ. ಉಳಿಯುವುದು ಸಿಲಿಕಾನ್ ಕಾರ್ಬೈಡ್, ಮತ್ತು ತುಂಬಾ ತೂತು. ಸಾರಜನಕ ಇರುವ ಸೆರಾಮಿಕ್‌ಗಳಲ್ಲೂ ಇಂಥದೇ ಗೆರೆ ಇದೆ. ಒಂದು ವಾತಾವರಣ ಒತ್ತಡದ ಸಾರಜನಕದಲ್ಲಿ ಸುಮಾರು 1484 ಡಿಗ್ರಿ ದಾಟಿದರೆ ಸಿಲಿಕಾನ್ ನೈಟ್ರೈಡ್ ಇಂಗಾಲದೊಂದಿಗೆ ಸೇರಿ ಕಾರ್ಬೈಡ್ ಆಗಿ, ಸಾರಜನಕವನ್ನು ಬಿಟ್ಟುಬಿಡುತ್ತದೆ.

ನಿಕಲಾನ್ ಸೋತದ್ದು ಹೀಗೆಯೇ. ಎಳೆ ಕರಗದಿರಲಿ ಅಂತ ಗಾಳಿಯಲ್ಲಿ ಬಿಸಿ ಮಾಡಿದರಲ್ಲ, ಆಗ ಒಳಗೆ ಬಂದ ಆಮ್ಲಜನಕ ಕೊನೆಯವರೆಗೂ ಅಲ್ಲೇ ಉಳಿಯಿತು. ತೂಕದಲ್ಲಿ ನೂರಕ್ಕೆ ಹತ್ತಕ್ಕೂ ಜಾಸ್ತಿ. 1200 ಡಿಗ್ರಿಯ ಆಚೆಗೆ ಅದೇ ಆಮ್ಲಜನಕ ಇಂಗಾಲವನ್ನು ಕರೆದುಕೊಂಡು ಹೊರಟಿತು, ಎಳೆಯ ಬಲ ಕುಸಿಯಿತು. ಮೊದಲ ಹಂತದಲ್ಲಿ ಮಾಡಿದ ಉಪಕಾರ ಕೊನೆಯ ಹಂತದಲ್ಲಿ ಸಾಲವಾಗಿ ಬಂದು ನಿಂತಿತು. ಮುಂದೆ ಹೈ-ನಿಕಲಾನ್ ಮಾಡುವಾಗ ಗಾಳಿಯ ಬದಲು ಎಲೆಕ್ಟ್ರಾನ್ ಕಿರಣ ಹಾಯಿಸಿ ಸರಪಳಿಗಳನ್ನು ಹೆಣೆದರು. ಆಮ್ಲಜನಕ ಶೇಕಡಾ ಒಂದಕ್ಕೂ ಕೆಳಗೆ ಬಂತು, ಎಳೆ ತಡೆಯುವ ಶಾಖ ಮೇಲೇರಿತು.

ಪುಡಿಯಾಗಿ ಬರುವ ಲೋಹ

ಈಗ ಲೋಹಕ್ಕೆ ಬರೋಣ. ಶಾಖ ಕಳೆಯುತ್ತದೆ ಅಂದೆ. ಆ ಕಳೆದ ಲೆಕ್ಕದೊಳಗೆ ಲೋಹ ಬೇರೆಬೇರೆ ವೇಷದಲ್ಲಿ ಬಂದು ಕೂರುತ್ತದೆ. ಎಲ್ಲಕ್ಕಿಂತ ಸರಳವಾದದ್ದು ಪುಡಿಯ ವೇಷ.

ಕುಗ್ಗುವಿಕೆ ತಡೆಯಲು ಮೊದಲು ಹೊಳೆಯುವ ಉಪಾಯ ಏನು? ಕುಗ್ಗದ ಯಾವುದಾದರೂ ಪುಡಿಯನ್ನು ಪಾಲಿಮರ್‌ಗೆ ಬೆರೆಸುವುದು. ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಆಗಬಹುದು, ಮೊದಲೇ ತಯಾರಾದ ಸಿಲಿಕಾನ್ ಕಾರ್ಬೈಡ್ ಪುಡಿ ಆಗಬಹುದು. ಮಣ್ಣಿಗೆ ಮರಳು ಬೆರೆಸಿದ ಹಾಗೆ. ಇದು ಕೆಲಸ ಮಾಡುತ್ತದೆ, ಆದರೆ ಅರ್ಧಂಬರ್ಧ.

1990ರ ದಶಕದ ಮೊದಲಲ್ಲಿ ಜರ್ಮನಿಯ ಪೀಟರ್ ಗ್ರೈಲ್ ಇದಕ್ಕಿಂತ ಜಾಣ ದಾರಿಯೊಂದನ್ನು ಬೆಳೆಸಿದರು. ಸುಮ್ಮನೆ ಜಾಗ ತುಂಬುವ ಪುಡಿಯ ಬದಲು, ಕುಲುಮೆಯಲ್ಲಿ ತಾನೇ ಉಬ್ಬುವ ಪುಡಿ ಹಾಕಿದರೆ? ಟೈಟಾನಿಯಂ, ಕ್ರೋಮಿಯಂ, ಮಾಲಿಬ್ಡಿನಂ, ಅಲ್ಯೂಮಿನಿಯಂ, ಹೀಗೆ. ಪಾಲಿಮರ್ ಒಡೆಯುವಾಗ ಹೊರಡುವ ಮೀಥೇನ್‌ನಲ್ಲಿ ಇಂಗಾಲ ಇದೆ. ಟೈಟಾನಿಯಂ ಕಣ ಆ ಇಂಗಾಲವನ್ನು ದಾರಿಯಲ್ಲೇ ಹಿಡಿದು ಟೈಟಾನಿಯಂ ಕಾರ್ಬೈಡ್ ಆಗುತ್ತದೆ. ಹಾಗಾಗುವಾಗ ಅದರ ಗಾತ್ರ ನೂರಕ್ಕೆ 14ರಷ್ಟು ಹೆಚ್ಚುತ್ತದೆ. ಅಲ್ಯೂಮಿನಿಯಂ ಸಾರಜನಕದೊಂದಿಗೆ ಸೇರಿ ಅಲ್ಯೂಮಿನಿಯಂ ನೈಟ್ರೈಡ್ ಆದರೆ ಗಾತ್ರ ನೂರಕ್ಕೆ 26ರಷ್ಟು ಹೆಚ್ಚುತ್ತದೆ. ಒಂದು ಕುಗ್ಗುತ್ತದೆ, ಪಕ್ಕದ್ದು ಉಬ್ಬುತ್ತದೆ. ಮನೆ ಬಿಟ್ಟು ಹೊರಟಿದ್ದ ಇಂಗಾಲವನ್ನು ಬಾಗಿಲಲ್ಲೇ ತಡೆದು ಒಳಗೆ ಕೂರಿಸಿದ ಹಾಗೆ ಕೂಡ ಆಯಿತು. ಉಪಾಯ ಚೆನ್ನಾಗಿದೆ ಅಲ್ವಾ?

ಹಿಂದಿನ ಲೆಕ್ಕವನ್ನೇ ಮುಂದುವರಿಸೋಣ. ಪುಡಿ ಇಲ್ಲದಾಗ ಉದ್ದ ನೂರಕ್ಕೆ 26ರಷ್ಟು ಕುಗ್ಗಿತ್ತು. ಗಾತ್ರದಲ್ಲಿ ನೂರಕ್ಕೆ 40 ಪಾಲು ಜಡ ಪುಡಿ ಬೆರೆಸಿದರೆ ಅದು 14ಕ್ಕೆ ಇಳಿಯುತ್ತದೆ. ಅದರ ಬದಲು ಅಷ್ಟೇ ಅಲ್ಯೂಮಿನಿಯಂ ಹಾಕಿ, ಅದೆಲ್ಲವೂ ನೈಟ್ರೈಡ್ ಆದರೆ 9ರ ಹತ್ತಿರ ಬರುತ್ತದೆ. ಒಂದಿಷ್ಟೂ ಕುಗ್ಗಬಾರದು, ಒಳಗೆ ತೂತೂ ಇರಬಾರದು ಅಂದರೆ ಪುಡಿಯ ಪಾಲು ನೂರಕ್ಕೆ 70 ಆಗಬೇಕು. ಅಷ್ಟು ಪುಡಿ ಬೆರೆಸಿದರೆ ಅದು ದ್ರವವಾಗಿ ಉಳಿಯುವುದಿಲ್ಲ, ಅಚ್ಚಿಗೆ ಸುರಿಯಲು ಬರುವುದಿಲ್ಲ. ಹಾಗಾಗಿ ಅಳತೆ ಬದಲಾಗದಂತೆ ಸುಟ್ಟ ವಸ್ತುಗಳಲ್ಲಿ ಸಾಮಾನ್ಯವಾಗಿ ಒಂದಷ್ಟು ತೂತುಗಳು ಉಳಿದಿರುತ್ತವೆ. ಪುಡಿಯ ಕಣಗಳು ಒಂದಕ್ಕೊಂದು ಆನಿಕೊಂಡು ಅಸ್ಥಿಪಂಜರದಂತೆ ನಿಂತುಬಿಡುತ್ತವೆ. ಹೊರಗಿನ ಅಳತೆ ಕದಲುವುದಿಲ್ಲ, ಕುಗ್ಗಬೇಕಾದ್ದು ಒಳಗೇ ಕುಗ್ಗಿ ಖಾಲಿ ಜಾಗ ಬಿಡುತ್ತದೆ. ಅಳತೆ ಕಾಪಾಡಿದೆವು ಅಂತ ಹಿಗ್ಗುವವರು ಒಳಗಿನ ತೂತನ್ನೂ ಎಣಿಸಬೇಕು ಅನ್ನುವುದು ನನ್ನ ತಕರಾರು.

ಕಣದ ಗಾತ್ರವೂ ಮುಖ್ಯ. ಇಂಗಾಲ ಕಣದ ಮೈಯಿಂದ ಒಳಕ್ಕೆ ಇಳಿಯಬೇಕು. ದಪ್ಪ ಕಣವಾದರೆ ಹೊರಗೆ ಕಾರ್ಬೈಡ್ ಚಿಪ್ಪು, ಒಳಗೆ ಇನ್ನೂ ಹಸಿ ಲೋಹ. ತೀರಾ ಸಣ್ಣದು ಮಾಡಿದರೆ ಗಾಳಿಗೆ ತಾಗಿದ್ದೇ ಹೊತ್ತಿಕೊಳ್ಳುವ ಭಯ. ಭಾರದ ಕಣಗಳು ದ್ರವದ ತಳಕ್ಕೆ ಇಳಿದುಬಿಟ್ಟರೆ ಅಚ್ಚಿನ ಮೇಲಿನ ಅರ್ಧ ಒಂದು ರೀತಿ ಕುಗ್ಗುತ್ತದೆ, ಕೆಳಗಿನ ಅರ್ಧ ಇನ್ನೊಂದು ರೀತಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಅಂದರೆ ರಂಧ್ರಗಳು ತೆರೆದಿರುವ ಹೊತ್ತಿನಲ್ಲೇ. ಕರಗಿದ ಲೋಹ ಪಕ್ಕದ ಕಣಗಳತ್ತ ಹರಿದು ಬೇಗ ಬೆರೆಯುತ್ತದೆ. ಇನ್ನು ಟೈಟಾನಿಯಂ ಕಾರ್ಬೈಡ್‌ಗೆ ಬೇರೆ ರೋಗ: ಕುಲುಮೆಯಲ್ಲಿ ಬಿರುಕು ತಪ್ಪಿಸಿದ ಅದೇ ವಸ್ತು, ಮುಂದೆ ಬಿಸಿ ಗಾಳಿಯಲ್ಲಿ ಕೆಲಸಕ್ಕಿಟ್ಟಾಗ ಆಮ್ಲಜನಕಕ್ಕೆ ಸಿಕ್ಕಿ ಆಕ್ಸೈಡ್ ಆಗುತ್ತದೆ.

ಕಬ್ಬಿಣದ ಗುಂಪು

ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಮೂರೂ ಬೇರೆ ಸ್ವಭಾವದವು. ಇವು ಜಾಗ ತುಂಬಲು ಬರುವುದಿಲ್ಲ. ಚಿಟಿಕೆಯಷ್ಟು ಹಾಕಿದರೂ ಇಡೀ ವಸ್ತುವಿನ ನಡವಳಿಕೆ ಬದಲಾಗುತ್ತದೆ. ಇವಕ್ಕೆ ಇಂಗಾಲವನ್ನು ತಮ್ಮೊಳಗೆ ಕರಗಿಸಿಕೊಳ್ಳುವ ಶಕ್ತಿ ಇದೆ. ಅಡ್ಡಾದಿಡ್ಡಿ ಬಿದ್ದಿದ್ದ ಇಂಗಾಲ ಲೋಹದ ಕಣದೊಳಗೆ ಒಂದು ಕಡೆಯಿಂದ ಇಳಿಯುತ್ತದೆ, ಇನ್ನೊಂದು ಕಡೆಯಿಂದ ಅಚ್ಚುಕಟ್ಟಾದ ಗ್ರಾಫೈಟ್ ಪದರವಾಗಿ ಹೊರಬರುತ್ತದೆ. ಕೆಲವು ಸಲ ನ್ಯಾನೋ ಕೊಳವೆಯಾಗಿ. ಲೋಹದ ನೆರವಿಲ್ಲದೆ ಇಂಗಾಲ ಹೀಗೆ ಸಾಲಾಗಿ ನಿಲ್ಲಬೇಕು ಅಂದರೆ ಇನ್ನೂ ಎಷ್ಟೋ ನೂರು ಡಿಗ್ರಿ ಮೇಲೆ ಹೋಗಬೇಕಿತ್ತು.

ಸಿಲಿಕಾನ್ ಕಾರ್ಬೈಡ್ ಹರಳಿನ ವಿಷಯದಲ್ಲೂ ಹೀಗೇ. ಕಬ್ಬಿಣ ಮತ್ತು ಸಿಲಿಕಾನ್ ಬೆರೆತ ಮಿಶ್ರಣ 1200 ಡಿಗ್ರಿಯ ಆಸುಪಾಸಿನಲ್ಲೇ ಕರಗತೊಡಗುತ್ತದೆ, ಬಿಡಿಬಿಡಿಯಾಗಿ ಎರಡೂ 1400ಕ್ಕೂ ಮೇಲೆ ಕರಗುವಂಥವು. ಈ ಪುಟ್ಟ ದ್ರವ ಹನಿಗಳು ಸುತ್ತಲಿನ ಆವಿಯಿಂದ ಸಿಲಿಕಾನನ್ನೂ ಇಂಗಾಲವನ್ನೂ ಹೀರಿ, ತಮ್ಮ ಬುಡದಿಂದ ಕಾರ್ಬೈಡ್ ತಂತಿಗಳನ್ನು ಬೆಳೆಸುತ್ತವೆ. ತಂತಿ ಉದ್ದವಾಗುತ್ತಾ ಹೋದಂತೆ ಹನಿ ತುದಿಯಲ್ಲೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಂಕಿಕಡ್ಡಿಯ ತಲೆಯಂತೆ ಕಾಣುತ್ತದೆ.

ಮತ್ತೊಂದು ಲಾಭ ಕಾಂತಗುಣ. 2000ದಲ್ಲಿ ಕೆನಡಾದ ಇಯಾನ್ ಮ್ಯಾನರ್ಸ್ ಮತ್ತು ಸಂಗಡಿಗರು ಪಾಲಿಮರ್ ಸರಪಳಿಯಲ್ಲೇ ಕಬ್ಬಿಣ ಇರುವಂಥ ವಸ್ತುವನ್ನು 600ರಿಂದ 1000 ಡಿಗ್ರಿಗಳಲ್ಲಿ ಸುಟ್ಟು ಆಕಾರ ಕೆಡದ ಕಾಂತೀಯ ಸೆರಾಮಿಕ್ ಮಾಡಿ ತೋರಿಸಿದರು. ಇಲ್ಲಿ ಶಾಖವೇ ತಿರುಗಿಸುವ ಗುಂಡಿ. ಕಡಿಮೆ ಶಾಖದಲ್ಲಿ ಕಬ್ಬಿಣದ ಕಣಗಳು ತೀರಾ ಚಿಕ್ಕವು. ಪ್ರತಿ ಕಣದ ಕಾಂತ ದಿಕ್ಕು ಎತ್ತೆತ್ತಲೋ ಹೊರಳುತ್ತಿರುತ್ತದೆ, ಹೊರಗಿನ ಅಯಸ್ಕಾಂತ ತೆಗೆದರೆ ಎಲ್ಲ ಮರೆತುಬಿಡುತ್ತದೆ. ಜಾಸ್ತಿ ಶಾಖ ಕೊಟ್ಟರೆ ಕಣಗಳು ಕೂಡಿಕೊಂಡು ದೊಡ್ಡವಾಗಿ, ನಿಜವಾದ ಕಬ್ಬಿಣದಂತೆ ನಡೆದುಕೊಳ್ಳುತ್ತವೆ. ಪಾಲಿಮರ್ ಅದೇ, ಕಬ್ಬಿಣ ಅಷ್ಟೇ. ಬದಲಾಗಿದ್ದು ಕುಲುಮೆಯ ಮುಳ್ಳು ಮಾತ್ರ.

ಹಾಗಂತ ಶಾಖ ಏರಿಸಿದಷ್ಟೂ ಒಳ್ಳೆಯದಲ್ಲ. ಬಿಸಿ ಜಾಸ್ತಿಯಾದಂತೆ ಕಬ್ಬಿಣ ಸಿಲಿಕಾನ್ ಜೊತೆ ಸೇರಿ ಸಿಲಿಸೈಡ್ ಆಗುತ್ತದೆ. ಮೂರು ಪಾಲು ಕಬ್ಬಿಣಕ್ಕೆ ಒಂದು ಪಾಲು ಸಿಲಿಕಾನ್ ಇರುವ ಸಿಲಿಸೈಡ್ ಅಯಸ್ಕಾಂತಕ್ಕೆ ಅಂಟುತ್ತದೆ. ಸಮಪಾಲು ಇರುವಂಥದು ಅಂಟುವುದಿಲ್ಲ. ಬಾಟಲಿಯ ಮೇಲೆ ಬರೆದಿರುವುದು ಎರಡಕ್ಕೂ ಒಂದೇ: "ಕಬ್ಬಿಣ ಸೇರಿಸಿದ ಸೆರಾಮಿಕ್".

ಸರಪಳಿಗೇ ಕಟ್ಟಿದ ಲೋಹ

ಮೂರನೇ ವೇಷದಲ್ಲಿ ಲೋಹ ಕಣ್ಣಿಗೆ ಕಾಣುವುದೇ ಇಲ್ಲ. ಪುಡಿ ಬೆರೆಸುವ ಬದಲು, ಹಾಫ್ನಿಯಂ, ಜಿರ್ಕೋನಿಯಂ, ಟೈಟಾನಿಯಂ ಅಥವಾ ಅಲ್ಯೂಮಿನಿಯಂನ ಆಲ್ಕಾಕ್ಸೈಡ್ ಅನ್ನುವ ದ್ರವ ರೂಪದ ಸಂಯುಕ್ತವನ್ನು ಪಾಲಿಮರ್ ಜೊತೆ ಪ್ರತಿಕ್ರಿಯಿಸಲು ಬಿಡುತ್ತಾರೆ. ಲೋಹದ ಒಂದೊಂದು ಪರಮಾಣುವೂ ಆಮ್ಲಜನಕದ ಮೂಲಕ ಸರಪಳಿಗೆ ಕಟ್ಟಿಕೊಳ್ಳುತ್ತದೆ. ಕಣದ ಗಾತ್ರದ ಜಗಳ ಇಲ್ಲ, ತಳಕ್ಕೆ ಇಳಿಯುವ ಭಯ ಇಲ್ಲ.

ಹೀಗೆ ಮಾಡಿದ ಹಾಫ್ನಿಯಂ ಸೆರಾಮಿಕ್ 1000 ಡಿಗ್ರಿಯ ಹೊತ್ತಿಗೆ ಒಂದೇ ಸಮನಾದ ಗಾಜಿನಂತಿರುತ್ತದೆ. ಇನ್ನೂ ಕಾಯಿಸಿದರೆ ಹಾಫ್ನಿಯಂ ಆಕ್ಸೈಡ್‌ನ ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳು ಮೂಡುತ್ತವೆ. ಅದಕ್ಕೂ ಮೇಲೆ ಹೋದರೆ ಆ ಕಣಗಳು ಪಕ್ಕದ ಸಿಲಿಕಾದೊಂದಿಗೆ ಸೇರಿ ಹಾಫ್ನಿಯಂ ಸಿಲಿಕೇಟ್ ಆಗುತ್ತವೆ. ಇದರಿಂದ ಏನು ಬಂತು? ಸಿಲಿಕಾವನ್ನು ಇಂಗಾಲ ಕಿತ್ತು ತಿನ್ನುತ್ತದೆ ಅಂದೆನಲ್ಲ, ಆ ಸಿಲಿಕಾ ಈಗ ಹಾಫ್ನಿಯಂ ಹಿಡಿತದಲ್ಲಿದೆ. ಇಂಗಾಲಕ್ಕೆ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಲೋಹ ಇಲ್ಲದ ಸೆರಾಮಿಕ್ ತೂಕ ಕಳೆದುಕೊಂಡು ತೂತಾಗುವ ಶಾಖದಲ್ಲಿ ಇದು ಗಟ್ಟಿಯಾಗಿ ನಿಲ್ಲುತ್ತದೆ. ಲೋಹ ಇಲ್ಲಿ ಬ್ರೇಕ್.

ಕಬ್ಬಿಣ ಸಿಲಿಸೈಡ್ ಆಗುತ್ತದೆ, ಹಾಫ್ನಿಯಂ ಆಕ್ಸೈಡ್ ಆಗುತ್ತದೆ. ಒಂದೇ ಕುಲುಮೆ, ಒಂದೇ ಪಾಲಿಮರ್, ಯಾಕೆ ಈ ಭೇದ? ಯಾವ ಲೋಹಕ್ಕೆ ಯಾರ ಮೇಲೆ ಒಲವು ಅನ್ನುವುದರ ಮೇಲೆ ಇದು ನಿಂತಿದೆ. ಸಿಲಿಕಾನ್ ಆಕ್ಸಿಕಾರ್ಬೈಡ್‌ನೊಳಗೆ ಲೋಹದ ಮುಂದೆ ಮೂರು ಆಯ್ಕೆ: ಆಮ್ಲಜನಕ, ಇಂಗಾಲ, ಸಿಲಿಕಾನ್. ಹಾಫ್ನಿಯಂ, ಜಿರ್ಕೋನಿಯಂ ಆಮ್ಲಜನಕವನ್ನು ಬಿಟ್ಟುಕೊಡುವುದೇ ಇಲ್ಲ. ಮ್ಯಾಂಗನೀಸ್, ಲ್ಯುಟೀಶಿಯಂ ಆಮ್ಲಜನಕದ ಜೊತೆ ಸಿಲಿಕಾನನ್ನೂ ಸೇರಿಸಿಕೊಂಡು ಸಿಲಿಕೇಟ್ ಆಗುತ್ತವೆ. ವೆನೇಡಿಯಂ ತನ್ನ ಆಮ್ಲಜನಕವನ್ನು ಕಳೆದುಕೊಂಡು ಇಂಗಾಲವನ್ನು ಹಿಡಿಯುತ್ತದೆ, ಕಾರ್ಬೈಡ್ ಆಗುತ್ತದೆ. ಕಬ್ಬಿಣ ಸಿಲಿಕಾನ್ ಕಡೆ ವಾಲುತ್ತದೆ. ತವರಕ್ಕೆ ಯಾರೂ ಬೇಡ, ಬರೀ ಲೋಹವಾಗಿ ಹನಿಗಟ್ಟುತ್ತದೆ. ಈ ಒಲವುಗಳನ್ನು ಉಷ್ಣಬಲ ವಿಜ್ಞಾನದ ಕೋಷ್ಟಕ ನೋಡಿ ಬಹುಪಾಲು ಮೊದಲೇ ಊಹಿಸಬಹುದು. ಈ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಗಲಿಬಿಲಿ ಅನ್ನಿಸುವ ಕುಲುಮೆಯೊಳಗೂ ಒಂದು ನ್ಯಾಯ ಇದೆ.

ಬೋರಾನ್ ಪೂರ್ತಿ ಲೋಹವಲ್ಲ, ಆದರೂ ಹೇಳದೆ ಬಿಡಲಾಗುವುದಿಲ್ಲ. 1996ರಲ್ಲಿ ಜರ್ಮನಿಯ ರಾಲ್ಫ್ ರೀಡೆಲ್ ಮತ್ತು ಸಂಗಡಿಗರು ಸಿಲಿಕಾನ್, ಬೋರಾನ್, ಇಂಗಾಲ, ಸಾರಜನಕ ನಾಲ್ಕೂ ಇರುವ ಸೆರಾಮಿಕ್ 2000 ಡಿಗ್ರಿಯವರೆಗೂ ಒಡೆಯದೆ ನಿಂತಿದ್ದನ್ನು ವರದಿ ಮಾಡಿದರು. 1484 ಡಿಗ್ರಿಯ ಗೆರೆಯನ್ನು ಇದು ಅಷ್ಟು ದೂರ ದಾಟಿದ್ದು ಹೇಗೆ? ಬೋರಾನ್, ಸಾರಜನಕ, ಇಂಗಾಲ ಸೇರಿದ ತೆಳು ಪದರಗಳು ಸಿಲಿಕಾನ್ ನೈಟ್ರೈಡ್ ಕಣಗಳ ಸುತ್ತ ಕವಚದಂತೆ ಕೂರುತ್ತವೆ. ಇಂಗಾಲ ಅವುಗಳ ಹತ್ತಿರ ಬರುವುದೂ ಕಷ್ಟ, ಸಾರಜನಕ ಹೊರಗೆ ಹೋಗುವುದೂ ಕಷ್ಟ.

ಮತ್ತೆ ಎಳೆಗೆ

ಶಾಖ ಮತ್ತು ಲೋಹ ಎರಡನ್ನೂ ಪಳಗಿಸಿದ ಕತೆ ನೋಡಬೇಕಾದರೆ ಯಾಜಿಮಾ ಅವರ ಎಳೆಗೇ ಹಿಂತಿರುಗಬೇಕು. ಜಪಾನಿನ ಉಬೆ ಕಂಪನಿಯವರು ಪಾಲಿಕಾರ್ಬೋಸಿಲೇನ್‌ಗೆ ಟೈಟಾನಿಯಂ ಕಟ್ಟಿ ಟಿರಾನೋ ಅನ್ನುವ ಎಳೆ ಮಾಡಿದರು. ಆಮೇಲೆ ಅಲ್ಯೂಮಿನಿಯಂ ಕಟ್ಟಿದ ಎಳೆಗೆ ಕೈ ಹಾಕಿದರು. ಅದರ ವಿವರ 1998ರಲ್ಲಿ ಪ್ರಕಟವಾಯಿತು.

ಅವರು ಆಮ್ಲಜನಕವನ್ನು ದೂರ ಇಡಲು ಹೋಗಲಿಲ್ಲ. ಹಳೆಯ ರೀತಿಯಲ್ಲೇ ಗಾಳಿಯಲ್ಲಿ ಹೆಣೆದು ಸುಟ್ಟು, ಆಮ್ಲಜನಕವೂ ಹೆಚ್ಚುವರಿ ಇಂಗಾಲವೂ ಇರುವ ಎಳೆ ತಯಾರಿಸಿದರು. ಆಮೇಲೆ ಬೇಕಂತಲೇ 1500 ಡಿಗ್ರಿಯ ಮೇಲೆ ಕಾಯಿಸಿದರು. ನಿಕಲಾನನ್ನು ಕೊಂದ ಅದೇ ಜಟಾಪಟಿ ಇಲ್ಲೂ ನಡೆಯಿತು. ಬೇಡದ ಆಮ್ಲಜನಕ ಬೇಡದ ಇಂಗಾಲವನ್ನು ಕರೆದುಕೊಂಡು ಹೊರಟುಹೋಯಿತು. ಎಳೆ ತೂತು ತೂತಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಅದು ಕೈಯಲ್ಲೇ ಪುಡಿಯಾಗುತ್ತಿತ್ತು. ಅವರು 1800 ಡಿಗ್ರಿಗೂ ಆಚೆ ಹೋದರು. ಈಗ ಅಲ್ಯೂಮಿನಿಯಂ ಸರದಿ. ಶೇಕಡಾ ಒಂದಕ್ಕಿಂತಲೂ ಕಡಿಮೆ ಇದ್ದ ಅಲ್ಯೂಮಿನಿಯಂ, ಸಿಲಿಕಾನ್ ಕಾರ್ಬೈಡ್ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳಲು ನೆರವಾಯಿತು. ತೂತುಗಳು ಮುಚ್ಚಿಹೋದವು. ಸಿಕ್ಕಿದ ಎಳೆಯಲ್ಲಿ ಹೆಚ್ಚುವರಿ ಆಮ್ಲಜನಕ ಇಲ್ಲ, ಹೆಚ್ಚುವರಿ ಇಂಗಾಲ ಇಲ್ಲ, ತೂತೂ ಇಲ್ಲ. ಜಡ ಅನಿಲದಲ್ಲಿ 2200 ಡಿಗ್ರಿಯವರೆಗೆ ತಾಳುವಷ್ಟು ಗಟ್ಟಿ.

ಆದರೆ ಬೆಸೆಯಲು ಬಂದ ನೆಂಟ ಕೆಲಸ ಮುಗಿದ ಮೇಲೂ ಕಣಗಳ ಸಂದಿಯಲ್ಲೇ ಕೂತಿರುತ್ತದೆ. ಬಿಸಿಯಲ್ಲಿ ಭಾರ ಹೊತ್ತು ದಿನಗಟ್ಟಲೆ ನಿಂತಾಗ ಕಣಗಳು ಆ ಸಂದಿಯಲ್ಲೇ ಮೆಲ್ಲಗೆ ಜಾರುತ್ತವೆ, ಎಳೆ ಉದ್ದವಾಗುತ್ತದೆ. ಸಿಲ್ರಾಮಿಕ್ ಅನ್ನುವ ಇನ್ನೊಂದು ಎಳೆಗೆ ಬೆಸುಗೆಯ ನೆಂಟ ಬೋರಾನ್, ತೊಂದರೆ ಮಾತ್ರ ಇದೇ. ನಾಸಾದ ಗ್ಲೆನ್ ಸಂಶೋಧನಾ ಕೇಂದ್ರದವರು ತಯಾರಾದ ಆ ಎಳೆಯನ್ನು ಸಾರಜನಕ ತುಂಬಿದ ಕುಲುಮೆಯಲ್ಲಿ ಮತ್ತೊಮ್ಮೆ ಕಾಯಿಸಿದರು. ಸಂದಿಗಳಲ್ಲಿದ್ದ ಬೋರಾನ್ ಸಾರಜನಕದ ಸೆಳೆತಕ್ಕೆ ಮೇಲ್ಮೈಗೆ ಹೊರಟುಬಂತು. ಬಂದದ್ದು ಅಲ್ಲೇ ಬೋರಾನ್ ನೈಟ್ರೈಡ್ ಆಗಿ ಎಳೆಯ ಮೈಮೇಲೆ ತೆಳುವಾದ ಪದರ ಕಟ್ಟಿತು. ಒಳಗಿನ ಜಾರಿಕೆ ಕಡಿಮೆಯಾಯಿತು. ಹೊರಗಿನ ಆ ಪದರವೂ ವ್ಯರ್ಥವಾಗಲಿಲ್ಲ. ಇಂಥ ಎಳೆಗಳನ್ನು ಸೆರಾಮಿಕ್‌ನೊಳಗೆ ಹೂತಾಗ ಬಿರುಕು ಎಳೆಯನ್ನು ಕತ್ತರಿಸದೆ ಪಕ್ಕಕ್ಕೆ ತಿರುಗಲಿ ಅಂತ ಬೋರಾನ್ ನೈಟ್ರೈಡ್ ಲೇಪನ ಹಚ್ಚುವುದು ವಾಡಿಕೆ.